ನಮ್ಮ ಮಿಸ್ ಬದುಕಿದ್ದಾರೆ, ನಾನು ಬರೆದದ್ದು ‘ಅಡ್ಯೂ’ ಅಷ್ಟೇ

ಮಧ್ಯಾಹ್ನ ಎರಡೂ ನಲವತ್ತು. ಫೋನಿನ ಟಿಣ್ ಟಿಣ್ ಸದ್ದಿಗೆ ಎಚ್ಚರವಾಯಿತು. ಮೂರು ರಾತ್ರಿಯಿಂದ ನಿದ್ದೆಯಿಲ್ಲ, ಪಾಪು ಆಗಷ್ಟೇ ಮಲಗಿದ್ದ, ಪಕ್ಕದಲ್ಲಿ ನಾನೂ ಕಣ್ಣು ಮುಚ್ಚಿದ್ದೆ.

ನೋಡಿದರೆ ನನ್ನ ಪೋಸ್ಟಿಗೆ ಅರವತ್ತು ಕಾಮೆಂಟು. ಎಲ್ಲಾ ಓಂ ಶಾಂತಿ, ಓಂ ಶಾಂತಿ...

ಬೆಳಿಗ್ಗೆ ನಾನು ಹಾಕಿದ್ದು ನಮ್ಮ ಇಂಗ್ಲಿಷ್ ಮಿಸ್ ಫೋಟೊ. ನಿನ್ನೆ ನಾಗಮಂಗಲದ ನಮ್ಮ ಕಾಲೇಜಿನಿಂದ ರಿಟೈರ್ ಆಗಿ, ತಾಯಿ ಇರುವ ಮಾಕವಳ್ಳಿಗೆ ಹೋದರು.

ಪಾಪು ಬಿಟ್ಟು ಬೀಳ್ಕೊಡುಗೆಗೆ ಹೋಗಲಾಗಲಿಲ್ಲ. ಅದಕ್ಕೇ ಫೋಟೊನ ಕಪ್ಪು ಬಿಳುಪು ಮಾಡಿ, ಚೆನ್ನಾಗಿ ಕಾಣುತ್ತೆ ಅಂತ, ಕೆಳಗೆ ‘ಅಡ್ಯೂ ಮಿಸ್’ ಅಂತ ಬರೆದೆ.

ಫೈನಲ್ ಇಯರ್ ಕೊನೇ ಕ್ಲಾಸಲ್ಲಿ ಅವರೇ ನಮಗೆ ಹೇಳಿದ್ದ ಪದ. ಹೇಳಿದವರು ಆಮೇಲೆ ನನ್ನ ಮದುವೆಗೂ ಬಂದಿದ್ದರು!

ಗಾಬರಿಯಲ್ಲಿ ನೆಟ್‌ನಲ್ಲಿ ಹುಡುಕಿದೆ. ಒಂದು ಕಡೆ ಬರೀ ವಿದಾಯ ಅಂತಿದೆ. ಇನ್ನೊಂದು ಕಡೆ ಮತ್ತೆ ಸಿಗದವರಿಗೆ ಹೇಳೋದು ಅಂತ. ಮೂಲ ಫ್ರೆಂಚ್, ‘ನಿನ್ನನ್ನು ದೇವರಿಗೆ ಒಪ್ಪಿಸಿದೆ’ ಅನ್ನೋ ಅರ್ಥವಂತೆ. ಆ ದೇಶದಲ್ಲಿ ಕೆಲವು ಕಡೆ ಎದುರು ಸಿಕ್ಕಾಗಲೂ ಇದನ್ನೇ ಅಂತಾರಂತೆ!

ಒಪ್ಪಿಸೋದು ಕಾಪಾಡಲಿ ಅಂತಲೋ, ಕರೆದುಕೊಳ್ಳಲಿ ಅಂತಲೋ? ನನಗಂತೂ ತಲೆ ಕೆಟ್ಟುಹೋಗಿದೆ.

ಅತ್ತೆಗೆ ಹೇಳಿದರೆ, “ಫೋಟೊ ಆಕಿ ದ್ಯಾವ್ರಿಗೆ ಒಪ್ಪುಸ್ದೆ ಅಂದ್ರೆ ಇನ್ನೇನ್ ಅನ್ಕತ್ತಾರವ್ವ? ಓಗ್ಬುಟ್ಟು ಬನ್ನಿ ಮಿಸ್ಸು ಅನ್ನಕ್ಕೆ ನಿಂಗೇನಾಗಿತ್ತು?”

ಪೋಸ್ಟ್ ಡಿಲೀಟ್ ಮಾಡಿದೆ. ಆದರೆ ಸ್ಕ್ರೀನ್‌ಶಾಟ್ ಆಗಲೇ ಎಲ್ಲ ಗ್ರೂಪಿಗೂ ಹೋಗಿದೆ.

ನಮ್ಮ ಬ್ಯಾಚಿನ, ಈಗ ಪಾಂಡವಪುರದಲ್ಲಿರೋ ಮಂಜುಳಾಗೆ ಫೋನ್ ಮಾಡಿ, ಮಿಸ್ ಚೆನ್ನಾಗಿದ್ದಾರೆ ಕಣೇ ಅಂದೆ.

“ಅಳ್ಬ್ಯಾಡ ಸುಮ್ನಿರು. ನಮ್ಗೂ ನಂಬಕ್ಕಾಯ್ತಿಲ್ಲ. ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಮಾಕವಳ್ಳಿಗೆ ಎಂಟ್ ಜನ ಹೊಂಟಿದೀವಿ, ಹಾರಕ್ಕೂ ಹೇಳಿದೀವಿ” ಅಂದವಳೇ ಕಟ್ ಮಾಡಿದಳು. ಆಗಿನಿಂದ ಅವಳ ಫೋನ್ ಬ್ಯುಸಿ. ಮಿಸ್ ಫೋನ್ ಸ್ವಿಚ್ ಆಫ್.

ಮಿಸ್ ತಾಯಿಗೆ ಎಂಬತ್ತು ದಾಟಿದೆ, ಹೋದ ತಿಂಗಳಷ್ಟೇ ಹಾರ್ಟಿಗೆ ಸ್ಟೆಂಟ್ ಹಾಕಿಸಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆಯೋದು ಅವರೇ. ಎದುರಿಗೆ ಎಂಟು ಜನ ಹಾರ ಹಿಡಿದು ಅಳುತ್ತಾ ನಿಂತಿದ್ದರೆ...

ಈಗ ಸಂಜೆ ಏಳಾಯಿತು. ಮಂಜುಳಾ ಅಲ್ಲದಿದ್ದರೆ ಉಳಿದ ಏಳು ಜನರಲ್ಲಿ ಯಾರದಾದರೂ ನಂಬರ್ ಇದ್ದವರು, ಬೆಳಗಾಗುವುದರೊಳಗೆ ದಯವಿಟ್ಟು ಒಂದು ಫೋನ್ ಮಾಡಿ. ನಾನು ಹೇಳಿದರೆ ಅವರು ನಂಬುತ್ತಿಲ್ಲ... ನೀವಾದರೂ ಹೇಳ್ತೀರಾ, ಪ್ಲೀಸ್?