ಮೂವತ್ತೈದು ಆಕಾಶ, ಒಂದು ಹಕ್ಕಿ

ಖಾಲಿ ಆಕಾಶದ ಫೋಟೊ ತೆಗೆಯುವುದರಲ್ಲಿ ನನ್ನಷ್ಟು ಪಳಗಿದವರು ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ನಾನು ತೆಗೆಯಲು ಹೋಗುತ್ತಿದ್ದದ್ದು ಹಕ್ಕಿಯ ಫೋಟೊ. ಅದೂ ಹಾರುವ ಹಕ್ಕಿ, ಅದರಲ್ಲೂ ಅಂಬರಗುಬ್ಬಿ. ಮುಷ್ಟಿಯಲ್ಲಿ ಹಿಡಿಯುವಷ್ಟು ಮೈ, ಕವಲೊಡೆದ ಬಾಲ, ನೆಟ್ಟಗೆ ಹೋಗುವ ಅಭ್ಯಾಸವೇ ಇಲ್ಲ.

ತೊಂಬತ್ತರ ದಶಕದ ಕೊನೆ. ನಾನು ಅರಕಲಗೂಡಿನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟರು. ಆದ್ದರಿಂದ ನನ್ನ ಸೋಲಿಗೂ ವೈಜ್ಞಾನಿಕ ಕಾರಣವಿತ್ತು. ಕಣ್ಣು ಹಕ್ಕಿಯನ್ನು ಕಂಡು ಮಿದುಳಿಗೆ ತಿಳಿಸಿ, ಮಿದುಳು ಯೋಚಿಸಿ ಬೆರಳಿಗೆ ಅಪ್ಪಣೆ ಕೊಟ್ಟು, ಬೆರಳು ಗುಂಡಿ ಒತ್ತುವ ಹೊತ್ತಿಗೆ ಹಕ್ಕಿ ಹೊಳೆನರಸೀಪುರ ದಾಟಿರುತ್ತದೆ. ನನ್ನ ವಿಷಯದಲ್ಲಿ ಮಿದುಳು ಯೋಚಿಸುವ ಘಟ್ಟ ಕೊಂಚ ಉದ್ದ ಎಂದು ಹೆಂಡತಿ ಸರೋಜ ತಿದ್ದುಪಡಿ ಸೂಚಿಸಿದ್ದಳು.

ಏಳನೆಯ ಫಿಲ್ಮ್ ರೋಲಿಗೆ ಅವಳ ಸಹನೆ ಮುಗಿಯಿತು. "ಈ ಸಲ ಒಂದಾದ್ರೂ ಹಾರೋ ಹಕ್ಕಿ ಬರ್ಬೇಕು ಕಣ್ರೀ. ಇಲ್ದಿದ್ರೆ ಕ್ಯಾಮೆರಾ ಚನ್ನರಾಯಪಟ್ಟಣದ ನಮ್ಮಣ್ಣಂಗೆ. ಅವ್ನು ನಿಂತಿರೋ ಜನಾನಾದ್ರೂ ಸರಿಯಾಗಿ ತೆಗೀತಾನೆ," ಎಂದಳು. ಆ ಕ್ಯಾಮೆರಾ ನನ್ನ ಜೀವ. ಅದು ಕೈಯಲ್ಲಿದ್ದಾಗ ಮಾತ್ರ ನಾನು ಮೇಷ್ಟರಲ್ಲ, ಬೇರೆ ಏನೋ.

ಭಾನುವಾರ ಮೊದಲ ಬಸ್ಸಿಗೇ ರಾಮನಾಥಪುರಕ್ಕೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ಅಂಗಾತ ಮಲಗಿದೆ. ತಲೆಯ ಮೇಲೆ ಅಂಬರಗುಬ್ಬಿಗಳು ಗಿರಕಿ ಹೊಡೆಯುತ್ತಿದ್ದವು. ಸ್ನಾನಕ್ಕೆ ಬಂದವರು ನನಗೆ ತಲೆಸುತ್ತು ಬಂದಿದೆಯೆಂದು ಮುಖಕ್ಕೆ ನೀರು ಚಿಮುಕಿಸಿದರು. ವಿಷಯ ತಿಳಿದ ಮೇಲೆ, ಹೊಗೆಸೊಪ್ಪು ಬೆಳೆಯುವ ಹಿರಿಯರೊಬ್ಬರು ಒದ್ದೆ ಪಂಚೆಯಲ್ಲೇ ಪಕ್ಕದಲ್ಲಿ ಕೂತರು.

"ಅಲ್ಲಾ ಸಾ, ಅದು ತಂತಿ ಮ್ಯಾಲೆ ಕುಂತ್ಕಂಡಾಗ ತಗುದ್ರೆ ಆಗಾಕಿಲ್ವಾ? ಎಂಗೂ ಸುಸ್ತಾಗಿ ಕುಂತ್ಕತದೆ."

"ಕೂತಿದ್ದನ್ನ ಯಾರು ಬೇಕಾದ್ರೂ ತೆಗೀತಾರೆ," ಎಂದೆ.

"ಅದುಕ್ಕೇ ಸಾ, ನಿಮ್ಗೆ ಯೋಳಿದ್ದು."

ರೋಲಿನ ಮೂವತ್ತಾರು ಫೋಟೊಗಳನ್ನೂ ಆಕಾಶಕ್ಕೆ ಸುರಿದು ಬಂದೆ.

ಅರಕಲಗೂಡಿನಲ್ಲಿ ನನ್ನ ಕಪ್ಪುಬಿಳುಪು ರೋಲುಗಳನ್ನು ತೊಳೆದು ಪ್ರಿಂಟು ಹಾಕುತ್ತಿದ್ದವನು ಸ್ಟುಡಿಯೊ ಶಿವಣ್ಣ, ಮದುವೆ ಫೋಟೊಗಳ ನಿಪುಣ. ಫೋಟೊದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಸಣ್ಣ ಕುಂಚದಿಂದ ಬಿಡಿಸುವುದು ಅವನ ಕಸುಬಿನ ಹೆಮ್ಮೆ. ಧಾರೆಯ ಹೊತ್ತಿಗೆ ತೂಕಡಿಸಿದ ಮಾವಂದಿರೂ ಅವನ ಆಲ್ಬಮ್ಮಿನಲ್ಲಿ ಕಣ್ಣರಳಿಸಿ ಕೂತಿರುತ್ತಿದ್ದರು.

ಬುಧವಾರ ತೀರ್ಪಿಗೆ ಸರೋಜಳೂ ಬಂದಳು. ಶಿವಣ್ಣ ಮೂವತ್ತೈದು ಆಕಾಶಗಳನ್ನು ಪಕ್ಕಕ್ಕೆ ಸರಿಸಿ, ದೊಡ್ಡದು ಮಾಡಿದ ಒಂದು ಫೋಟೊವನ್ನು ಮುಂದಿಟ್ಟ. ನಟ್ಟನಡುವೆ ಹಕ್ಕಿ! ರೆಕ್ಕೆಗಳನ್ನು ಸಮವಾಗಿ ಬಿಚ್ಚಿ, ಎರಡೂ ಕಣ್ಣಿನಿಂದ ನಮ್ಮನ್ನೇ ನೋಡುತ್ತಿತ್ತು. ಕಣ್ಣಿಗೆ ಕಪ್ಪು ತೀಡಿತ್ತು. ರೆಪ್ಪೆಗೂದಲು ಬೇರೆ.

"ಕಣ್ ಮುಚ್ಕಂಡಿತ್ತು ಸಾ, ಬುಡಿಸ್ದೆ. ಮಕ ಆಕಡೆ ಇತ್ತು, ಈಕಡೀಕೆ ತಿರುಗಿಸ್ದೆ. ಕಿವಿ ಮಾತ್ರ ಸಿಗ್ನಿಲ್ಲ."

ಸರೋಜ ದಿಟ್ಟಿಸಿ ನೋಡಿದಳು. "ನಿಮ್ಮ ದೊಡ್ಡಕ್ಕನ ಥರಾನೇ ಇದೆಯಲ್ರೀ!" ಎಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಿ, ಗ್ರೇಸ್ ಮಾರ್ಕ್ಸ್ ಹಾಕಿ ಪಾಸ್ ಮಾಡ್ತೀನಿ," ಎಂದಳು.

ಕ್ಯಾಮೆರಾ ಉಳಿದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಎಷ್ಟೋ ಹುಡುಗರಿಗೆ ಧಾರಾಳವಾಗಿ ಗ್ರೇಸ್ ಕೊಟ್ಟ ನನಗೆ, ತೆಗೆದುಕೊಳ್ಳುವವನ ಸಂಕಟ ಅಂದು ಗೊತ್ತಾಯಿತು.

"ಕಣ್ಣು ಬಿಡಿಸೋಕೆ ಮುಂಚಿನದು ಕೊಡಪ್ಪ," ಎಂದೆ. ಶಿವಣ್ಣ ಒಲ್ಲದ ಮನಸ್ಸಿನಿಂದ ಡ್ರಾಯರಿನೊಳಗಿನ ಚಿಕ್ಕ ಪ್ರಿಂಟು ತೆಗೆದ. ಮೂಲೆಯಲ್ಲಿ ಎಳ್ಳಿನಷ್ಟು ದಪ್ಪದ, ಓರೆಯಾಗಿ ಎಳೆದ ಮಸಿ.

"ನನ್ನ ಹಕ್ಕಿ ಇದೇ. ಇದಕ್ಕೆ ಫೇಲಾದರೆ ಕ್ಯಾಮೆರಾ ನಿಮ್ಮಣ್ಣನಿಗೆ ಕಳಿಸಿಬಿಡು," ಎಂದು ಅದನ್ನು ಸರೋಜಳ ಕೈಗಿಟ್ಟೆ.

ಸರೋಜ ಅದನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ಅದು ನಿಂತಿದೆ ಕಣ್ರೀ," ಎಂದಳು ನಿಧಾನವಾಗಿ, ಶಿವಣ್ಣನ ದೊಡ್ಡ ಫೋಟೊದತ್ತ ಬೆರಳು ತೋರಿ. "ಇದು ಹೋಗ್ತಾ ಇದೆ."

ಈಗ ಆ ಮಸಿ ಕಟ್ಟು ಹಾಕಿಸಿಕೊಂಡು ನಮ್ಮ ಹಜಾರದಲ್ಲಿದೆ. ಬಂದ ನೆಂಟರು ಗಾಜಿನ ಮೇಲೆ ಏನೋ ಅಂಟಿದೆಯೆಂದು ಉಗುರಿನಲ್ಲಿ ಕೆರೆಯುತ್ತಾರೆ. "ಕೆರೀಬೇಡಿ, ಅದು ಕೊಳೆಯಲ್ಲ, ಹಕ್ಕಿ!" ಎಂದು ಸರೋಜ ಒಳಗಿನಿಂದಲೇ ಗದರುತ್ತಾಳೆ. ಆ ಗತ್ತು ಕೇಳಿದರೆ, ಮೆಟ್ಟಿಲ ಮೇಲೆ ಅಂಗಾತ ಮಲಗಿ ಗುಂಡಿ ಒತ್ತಿದವಳು ಅವಳೇ ಎಂದುಕೊಳ್ಳಬೇಕು.