ನಡುವಿಗೆ ಬಾರದ ಕಿರಣ

ಆ ಮೇಡಂ ಅವರ ಕನ್ನಡಕಕ್ಕೆ ದಾರ ಕಟ್ಟಿತ್ತೆಂದು ನನ್ನ ನೆನಪು, ಇರಲಿಲ್ಲವೆನ್ನುತ್ತಾಳೆ ತಂಗಿ. ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಅವರು ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಯಂತ್ರ ನೋಡಿಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ, ರೋಗಿಗಳನ್ನು ಒಳಗೆ ಬಿಡುವ ಮೊದಲು, ಯಂತ್ರದೊಳಗಿನ ಎಲೆಕ್ಟ್ರಾನ್ ಕಿರಣ ನಡುವಿಗೇ ಬೀಳುತ್ತಿದೆಯೇ ಎಂದು ಅಳೆಯುವರು. ವಾಲಿದ್ದರೆ, ಅದನ್ನು ತಿರುಗಿಸುವ ಸುರುಳಿಗಳ ಕರೆಂಟನ್ನು ಕೂದಲೆಳೆಯಷ್ಟು ಬದಲಿಸುತ್ತ, "ನಡೂಕ್ ಬಾ, ನಡೂಕ್ ಬಾ" ಎಂದು ಎಮ್ಮೆಯನ್ನು ಕೂಗಿ ಕರೆದಂತೆ ಕರೆಯುವರು.

ಒಂದು ದಿನ ಎಷ್ಟು ಕರೆದರೂ ಕಿರಣ ನಡುವಿಗೆ ಬರಲಿಲ್ಲ. ಹಂಗಳದಿಂದ ನನ್ನ ಜೊತೆ ಮೊದಲ ಬಸ್ಸಿಗೆ ಬಂದಿದ್ದ ಅವ್ವ, ಗಂಟಲಲ್ಲಿ ಗಡ್ಡೆ ಇಟ್ಟುಕೊಂಡು ಕಾಯುತ್ತಿದ್ದಳು.

ಮ್ಯಾನೇಜರ್ ಬಂದರು. "ಒಂದೆರಡು ಮಿಲಿಮೀಟರ್ ತಾನೆ ಮೇಡಂ? ಶುರು ಮಾಡಿ, ಜನ ಕಾಯ್ತಾವ್ರೆ."

"ಗಡ್ಡೆ ಪಕ್ಕದಲ್ಲೇ ಬೆನ್ನುಹುರಿ ಅದೆ ಸಾರ್. ನಿಮ್ ಕುತ್ತಿಗೆ ಇಡ್ತೀರಾ? ಈಗ್ಲೇ ಶುರು ಮಾಡ್ತೀನಿ."

"ಕೆಲ್ಸ ಬೇಕೋ ಬ್ಯಾಡ್ವೋ ನಿಮ್ಗೆ?"

ಮೇಡಂ ಯಂತ್ರದ ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದರು. ಮ್ಯಾನೇಜರ್ ಕೈ ಚಾಚಿದರು. ಎಲ್ಲರೂ ಮೇಡಂ ಪರ ನಿಂತರೆಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಾನೇ, "ಕೊಟ್ಬುಡಿ ಮೇಡಂ, ಬಸ್ ಒಂಟೋಯ್ತದೆ" ಅಂದೆ.

ಅವ್ವ ಗೊಗ್ಗರು ದನಿಯಲ್ಲಿ ರೇಗಿದಳು. "ಬಾಯ್ ಮುಚ್ಲಾ. ನನ್ ಕತ್ತು ಕಣ್ಲಾ ಅದು." ಆಮೇಲೆ ಮೇಡಂಗೆ, "ಕೊಡಬ್ಯಾಡ ಕಣವ್ವ" ಎಂದು, ಯಂತ್ರದ ಕೋಣೆಯ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತುಬಿಟ್ಟಳು.