ಆರಿಸಬೇಡ, ಶಾಂತ ಮಾಡು

ಸತ್ತವರು ಮನೆಯವರಿಗೆ ಮಾತು ಕಳಿಸುತ್ತಾರೆ ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಎದ್ದು ಹೋಗುವುದಿಲ್ಲ. ಯಾಕೆಂದು ಬರೆಯುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಾಯಚೂರಿನ ಒಂದು ಹತ್ತಿ ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಅಲ್ಲಿಗೆ ಕಂಪ್ಯೂಟರ್ ಬಂದಾಗ ಅದನ್ನು ಕಲಿತು ನಡೆಸಿದವಳು ನನ್ನ ತಂಗಿ ಹುಲಿಗೆಮ್ಮ. ನಮ್ಮದು ಮಲ್ಲಟದ ಕಡೆಯ ಕುರಿ ಕಾಯುವ ಮನೆತನ. ಅವ್ವ ಒಮ್ಮೆ ಮಗಳ ಯಂತ್ರ ನೋಡಲು ಆಫೀಸಿನ ಬಾಗಿಲವರೆಗೆ ಬಂದು, ಚಪ್ಪಲಿ ಬಿಟ್ಟು, ಯಾಕೋ ಒಳಗೆ ಬಾರದೆ ಹಾಗೇ ಹೋಗಿದ್ದಳು.

ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ ಮೊದಲು ಮೂಡುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳಲ್ಲಿ "ಅಣ್ಣ ಬರ್ರಿ". ತಂಗಿಯೇ ಹಾಗೆ ಕೂಡಿಸಿದ್ದಳು. "ಮನ್ಯಾಗ ಬಾ ಅಂತೀನಿ, ಆಫೀಸಿನ್ಯಾಗ ಸಾಹೇಬ್ರಿಗೆ ಮರ್ಯಾದಿ ಕೊಡಬೇಕಲ್ಲಪಾ!" ಎಂದು ನಕ್ಕಿದ್ದಳು.

ಹುಲಿಗೆಮ್ಮನಿಗೆ ಕಾಮಾಲೆಯಾಯಿತು. ಔಷಧಿಗೆಂದು ಅವ್ವ ಅವಳನ್ನು ಗಬ್ಬೂರಿಗೆ ಕರೆದೊಯ್ದಳು. ಬಸ್ಸಿನಲ್ಲಿ ಹೋದವರು ಬಾಡಿಗೆ ಜೀಪಿನಲ್ಲಿ ಮರಳಿದರು. ಹುಲಿಗಿ ತೀರಿಹೋಗಿದ್ದಳು.

ಅವಳ ಕುರ್ಚಿಗೆ ನನ್ನನ್ನು ಕೂಡಿಸಿದರು. ಸ್ವಲ್ಪ ದಿನಕ್ಕೇ, ಚಾಲೂ ಮಾಡಿದೊಡನೆ "ಅಣ್ಣ ಬರ್ರಿ" ಬದಲು "ಡಿಸ್ಕ್ ಎರರ್" ಎಂದು ಬರತೊಡಗಿತು. ಬಂದ್ ಮಾಡಿ ಮತ್ತೆ ಚಾಲೂ, ಮತ್ತೆ ಬಂದ್. ನನಗೆ ಸಾಕುಸಾಕಾದ ಮೇಲೆ ಯಂತ್ರ ಎಚ್ಚರಾಗುತ್ತಿತ್ತು. ಹೈದರಾಬಾದಿನಿಂದ ಬಂದ ಮೆಕ್ಯಾನಿಕ್ ವೈರು ಬಿಚ್ಚಿ ಕೂಡಿಸಿದ, ಧೂಳು ಒರೆಸಿದ.

"ಡಿಸ್ಕ್ ಖರಾಬ್ ಆಗ್ಯಾದ್ರಿ. ಮುಂದಿನ ವಾರ ಹೊಸಾದು ಹಾಕ್ತೀನಿ. ಒಳಗಿಂದೆಲ್ಲ ಹೋದಂಗ."

ಆಫೀಸಿನ ಲೆಕ್ಕವೆಲ್ಲ ಕಾಗದದಲ್ಲೂ ಇತ್ತು. ಹುಲಿಗಿಯ ಆ ಎರಡು ಮಾತು ಮಾತ್ರ ಬೇರೆಲ್ಲಿಯೂ ಇರಲಿಲ್ಲ. ಹೊಸ ಡಿಸ್ಕಿನಲ್ಲಿ ನಾನೇ ಬರೆದುಕೊಳ್ಳಬಹುದಿತ್ತು; ಆದರೆ ಆಗ ಕರೆಯುವವನೂ ನಾನೇ ಆಗುತ್ತಿದ್ದೆ.

ಆ ಸಂಜೆ ಮನೆಯಲ್ಲಿ ಇದೇನನ್ನೂ ಹೇಳಲಿಲ್ಲ. ದೇವರ ಜಗಲಿಯ ಮುಂದೆ ಕೂತಿದ್ದ ಅವ್ವ ತಾನಾಗಿಯೇ ಅಂದಳು:

"ಯಪ್ಪಾ, ಮಧ್ಯಾಹ್ನ ಸ್ವಲ್ಪ ಕಣ್ಣು ಹತ್ತಿತ್ತು. ಹುಲಿಗಿ ಬಾಗಲದಾಗ ನಿಂತಿದ್ಲು. 'ಅಣ್ಣ ಆರಿಸಾಕತ್ತಾನ, ಶಾಂತ ಮಾಡು ಅಂತ ಹೇಳಬೇ' ಅಂದ್ಲು. ಯಾವ ದೀಪ ಆರಿಸೀದಿ?"

ನಮ್ಮ ಕಡೆ ದೀಪ ಆರಿಸು ಅನ್ನುವುದಿಲ್ಲ. ಅದು ಕೆಟ್ಟ ಮಾತು. ಶಾಂತ ಮಾಡು ಅನ್ನುತ್ತೇವೆ.

"ನಾ ದೀಪ ಮುಟ್ಟೇ ಇಲ್ಲಬೇ."

"ಹಂಗಾರ ಮತ್ತೇನು ಆರಿಸೀದಿ? ಅಕಿ ಸುಳ್ಳು ಹೇಳಾಕಿ ಅಲ್ಲ."

ಮರುದಿನ ಕೆಲಸ ಮುಗಿದ ಮೇಲೆ, ಯಂತ್ರ ಬಂದ್ ಮಾಡಲು ಹೋದ ಕೈ ಸ್ವಿಚ್ಚಿನ ಮೇಲೆ ನಿಂತಿತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಇಂಗ್ಲಿಷ್ ಅಕ್ಷರಗಳಲ್ಲಿ "ಶಾಂತ" ಎಂದು ಟೈಪು ಮಾಡಿದೆ. ಇಂಥ ಆಜ್ಞೆ ಇಲ್ಲ ಎಂದು ಯಂತ್ರ ಹೇಳಬೇಕಿತ್ತು. ಹೇಳಲಿಲ್ಲ. ಒಳಗೆ ಟಕ್ ಎಂದು ಸಣ್ಣ ಸದ್ದಾಯಿತು. ಇನ್ನು ಬಂದ್ ಮಾಡಬಹುದು ಎಂಬ ಇಂಗ್ಲಿಷ್ ಸಾಲೊಂದು ಮೂಡಿತು.

ಮುಂದಿನ ಬೆಳಿಗ್ಗೆ ಚಾಲೂ ಮಾಡಿದೆ. "ಅಣ್ಣ ಬರ್ರಿ." ಆ ಎರರ್ ಮತ್ತೆ ಬರಲೇ ಇಲ್ಲ.

ಹೊಸ ಡಿಸ್ಕ್ ತಂದ ಮೆಕ್ಯಾನಿಕ್ ಬಹಳ ಹೊತ್ತು ನೋಡಿದ. "ಶಾಂತ" ಎಂಬುದು ಯಂತ್ರ ಬಂದ್ ಮಾಡುವ ಮೊದಲು ಡಿಸ್ಕ್ ಓದುವ ಮುಳ್ಳನ್ನು ಬದಿಗೆ ಸರಿಸಿ ನಿಲ್ಲಿಸುವ ಆಜ್ಞೆ, ತಂಗಿ ಅದರ ಹೆಸರು ಬದಲಿಸಿಟ್ಟಿದ್ದಾಳೆ ಎಂದ. ಹಾಗೆ ಮಾಡದೆ ಬಂದ್ ಮಾಡಿದರೆ ಮುಳ್ಳು ಬಡಿದು ಡಿಸ್ಕಿಗೆ ಗೀರು ಬೀಳುತ್ತದಂತೆ.

"ಅದಕ್ಕ ನೆಟ್ಟಗಾತೇನ್ರಿ?" ಎಂದು ಕೇಳಿದೆ.

"ಇಲ್ರಿ. ಇನ್ನ ಮುಂದ ಗೀರು ಬೀಳಬಾರದು, ಅಷ್ಟ. ಬಿದ್ದದ್ದು ಮಾಯೋದಿಲ್ಲ," ಎಂದು ಹೊಸ ಡಿಸ್ಕನ್ನು ವಾಪಸು ಚೀಲಕ್ಕೆ ಹಾಕಿಕೊಂಡ.

ಹುಲಿಗಿ ಮನೆಯಲ್ಲಿ ಎಂದೋ ಆ ಮಾತು ಆಡಿರಬಹುದು, ಅವ್ವನ ಕಿವಿಯಲ್ಲಿ ಅದು ಉಳಿದಿರಬಹುದು. ಅಲ್ಲಿಯವರೆಗೆ ನಾನೂ ಒಪ್ಪುತ್ತೇನೆ. ಬಿದ್ದ ಗೀರು ಮಾಯ್ದದ್ದು ಹೇಗೆ, ನನಗೆ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ.

ಆ ಯಂತ್ರ ಆಫೀಸಿನಲ್ಲಿ ಇದ್ದಷ್ಟು ದಿನವೂ ನಾನು ಮನೆಗೆ ಬಂದೊಡನೆ ಅವ್ವ ಕೇಳುತ್ತಿದ್ದಳು: "ಶಾಂತ ಮಾಡಿ ಬಂದ್ಯಾ?"

"ಮಾಡಿ ಬಂದೀನಬೇ."

ಆಮೇಲೆಯೇ ಅವಳು ಎದ್ದು ಜಗಲಿಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.